ಮಹಿಳಾ ಫುಟ್‌ಬಾಲ್‌ನಲ್ಲಿ ವೃತ್ತಿಪರ ಗೋಲ್‌ಕೀಪರ್ ಆಗುವುದು ಹೇಗೆ? ಮೊದಲ ಗ್ಲೌಸ್‌ನಿಂದ ಕ್ಲಬ್ ಒಪ್ಪಂದದವರೆಗೆ

ಮೈದಾನದಲ್ಲಿ ಹನ್ನೊಂದು ಜನ ಆಡುತ್ತಾರೆ. ಅದರಲ್ಲಿ ಗೋಲ್‌ಕೀಪರ್‌ಗೆ ಇರುವುದು ಒಂದೇ ಜಾಗ. ಫಾರ್ವರ್ಡ್ ಆಡುವವಳಿಗೆ ಎಡಗಡೆ ಜಾಗ ಸಿಗದಿದ್ದರೆ ಬಲಗಡೆ ಆಡಬಹುದು. ಕೊನೆಯ ಇಪ್ಪತ್ತು ನಿಮಿಷಕ್ಕೆ ಬದಲಿಯಾಗಿ ಇಳಿಯಬಹುದು. ಕೀಪರ್‌ಗೆ ಆ ದಾರಿಗಳಿಲ್ಲ. ಮೊದಲ ಕೀಪರ್‌ಗೆ ಗಾಯವಾಗಬೇಕು, ಕೆಂಪು ಕಾರ್ಡ್ ಸಿಗಬೇಕು, ಇಲ್ಲಾಂದ್ರೆ ಕೋಚ್ ಮನಸ್ಸು ಬದಲಾಗಬೇಕು. 2023ರ ವಿಶ್ವಕಪ್‌ನಲ್ಲಿ ಪ್ರತಿ ತಂಡದ 23 ಜನರಲ್ಲಿ ಮೂವರು ಕೀಪರ್‌ಗಳಿರಬೇಕಿತ್ತು. ಇಂಥ ಟೂರ್ನಿಗಳಲ್ಲಿ ಬಹಳ ಸಲ ಇಬ್ಬರು ಒಂದು ನಿಮಿಷವೂ ಆಡದೆ ವಾಪಸ್ ಬರುತ್ತಾರೆ.

ಈ ವೃತ್ತಿಯ ಎಲ್ಲ ತೀರ್ಮಾನಗಳ ಹಿಂದೆ ಇರುವುದು ಈ ಒಂದೇ ಜಾಗದ ಲೆಕ್ಕ. ಯಾವ ಕ್ಲಬ್ ಸೇರಬೇಕು, ಯಾವಾಗ ಬಿಡಬೇಕು, ಆಡಲು ಸಿಗದ ವರ್ಷ ಏನು ಮಾಡಬೇಕು ಎನ್ನುವುದೆಲ್ಲ ಅದರ ಮೇಲೇ ನಿಂತಿದೆ. ಆದ್ದರಿಂದ ಇಲ್ಲಿ ಡೈವ್ ಮಾಡುವುದನ್ನು ಹೇಳಿದಷ್ಟೇ ಕಾಳಜಿಯಿಂದ ಕಾಯುವುದನ್ನೂ ಹೇಳುತ್ತೇನೆ.

ಯಾವಾಗ ಶುರು ಮಾಡಬೇಕು?

ಹತ್ತು ವರ್ಷದ ಹುಡುಗಿಯನ್ನು ಗೋಲ್‌ನಲ್ಲಿ ನಿಲ್ಲಿಸಿ "ನೀನು ಕೀಪರ್" ಎಂದು ಮುದ್ರೆ ಒತ್ತುವುದು ನನಗೆ ಇಷ್ಟವಿಲ್ಲ. ಆ ವಯಸ್ಸಿನಲ್ಲಿ ಎಲ್ಲ ಜಾಗದಲ್ಲೂ ಆಡಲಿ. ಅಮೆರಿಕದ ಹೋಪ್ ಸೋಲೋ ಶಾಲೆಯ ದಿನಗಳಲ್ಲಿ ಫಾರ್ವರ್ಡ್ ಆಗಿದ್ದರು. ಪೂರ್ತಿ ಕೀಪರ್ ಆದದ್ದು ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ. ಆಮೇಲೆ 2011 ಮತ್ತು 2015ರ ವಿಶ್ವಕಪ್‌ಗಳಲ್ಲಿ ಶ್ರೇಷ್ಠ ಕೀಪರ್ ಪ್ರಶಸ್ತಿ ಪಡೆದರು, ಎರಡು ಒಲಿಂಪಿಕ್ ಚಿನ್ನ ಗೆದ್ದರು. ಮುಂದೆ ಆಡಿದವಳಿಗೆ ಸ್ಟ್ರೈಕರ್ ಯಾವಾಗ ಒದೆಯುತ್ತಾಳೆ, ಯಾವಾಗ ಪಾಸ್ ಕೊಡುತ್ತಾಳೆ ಎನ್ನುವ ಅಂದಾಜು ಸಹಜವಾಗಿ ಬಂದಿರುತ್ತದೆ. ಕಾಲಿನಲ್ಲಿ ಚೆಂಡು ಆಡಿಸುವ ಧೈರ್ಯವೂ ಇರುತ್ತದೆ. ಇವತ್ತಿನ ಆಟದಲ್ಲಿ ಅದು ಬಹಳ ಬೇಕು.

ಹದಿಮೂರು, ಹದಿನಾಲ್ಕರ ಸುಮಾರಿಗೆ ಕೀಪರ್ ತರಬೇತಿ ಗಂಭೀರವಾಗಿ ಶುರುವಾದರೆ ಸಾಕು. ಹದಿನೇಳಕ್ಕೆ ಶುರು ಮಾಡಿದವರೂ ಗಾಬರಿಯಾಗಬೇಕಿಲ್ಲ. ಕೀಪರ್‌ಗಳು ತಡವಾಗಿ ಹಣ್ಣಾಗುತ್ತಾರೆ, ಜಾಸ್ತಿ ವರ್ಷ ಆಡುತ್ತಾರೆ.

ಎತ್ತರದ ಪ್ರಶ್ನೆ ಬಂದೇ ಬರುತ್ತದೆ. ಗೋಲ್‌ನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಗಂಡಸರಿಗೂ ಹೆಂಗಸರಿಗೂ ಅದೇ ಅಳತೆ. ಎತ್ತರ ಇದ್ದರೆ ಅನುಕೂಲ, ಅದನ್ನು ಸುಳ್ಳು ಎನ್ನಲಾಗದು. ಮಹಿಳೆಯರಿಗೆ ಗೋಲ್ ಚಿಕ್ಕದು ಮಾಡಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ನನಗೆ ಒಪ್ಪಿಗೆಯಿಲ್ಲ. ಬಹಳ ಕಾಲ ಹೆಣ್ಣುಮಕ್ಕಳ ತಂಡಗಳಿಗೆ ಕೀಪರ್ ಕೋಚ್ ಎನ್ನುವವರೇ ಇರಲಿಲ್ಲ. ಕಲಿಸದೆ ಇದ್ದದ್ದಕ್ಕೆ ಗೋಲ್‌ನ ಅಳತೆಯನ್ನು ದೂರುವುದು ನ್ಯಾಯವಲ್ಲ. ಸರಿಯಾದ ಜಾಗದಲ್ಲಿ ನಿಲ್ಲುವುದು ಮತ್ತು ಚುರುಕು ಹೆಜ್ಜೆ, ಇವೆರಡನ್ನು ಕಲಿತವಳು ಎತ್ತರದ ಕೊರತೆಯನ್ನು ಬಹಳ ಮಟ್ಟಿಗೆ ತುಂಬಿಕೊಳ್ಳುತ್ತಾಳೆ.

ಗ್ಲೌಸ್

ಅಂಗೈ ಭಾಗದಲ್ಲಿ ಮೆತ್ತನೆಯ ಲೇಟೆಕ್ಸ್ ಇರುವ ಗ್ಲೌಸ್ ಬೇಕು. ಬೆರಳ ತುದಿಗೂ ಗ್ಲೌಸ್ ತುದಿಗೂ ನಡುವೆ ಸ್ವಲ್ಪವೇ ಜಾಗ ಇರಲಿ. "ಬೆಳೆಯುವ ಹುಡುಗಿ" ಎಂದು ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಬೇಡಿ. ಸಡಿಲ ಗ್ಲೌಸ್‌ನಲ್ಲಿ ಚೆಂಡು ಹಿಡಿದ ಮೇಲೂ ಕೈ ಒಳಗೆ ಜಾರುತ್ತದೆ. ಆಡುವ ಮುಂಚೆ ಅಂಗೈಯನ್ನು ಸ್ವಲ್ಪ ಒದ್ದೆ ಮಾಡಿ, ಆಗ ಲೇಟೆಕ್ಸ್ ಹಿಡಿತ ಕೊಡುತ್ತದೆ. ಆಟವಾದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಅಂಗೈ ಗಟ್ಟಿಯಾಗಿ ಬಿರಿಯುತ್ತದೆ. ಅಭ್ಯಾಸಕ್ಕೆ ಹಳೆಯ ಜೋಡಿ, ಪಂದ್ಯಕ್ಕೆ ಬೇರೆ ಜೋಡಿ ಇರಲಿ.

ಮೊದಲು ನಿಲ್ಲುವುದು, ಆಮೇಲೆ ಹಾರುವುದು

ಹೊಸಬರು ಎಲ್ಲರೂ ಡೈವ್ ಕಲಿಯಬೇಕು ಎಂದು ಬರುತ್ತಾರೆ. ಆದರೆ ಒಳ್ಳೆಯ ಕೀಪರ್ ಹಾರುವುದು ಕಡಿಮೆ. ಅವಳು ಮೊದಲೇ ಸರಿಯಾದ ಜಾಗದಲ್ಲಿ ನಿಂತಿರುತ್ತಾಳೆ, ಚೆಂಡು ಎದೆಗೇ ಬರುತ್ತದೆ. ನೋಡುವವರಿಗೆ ಸುಲಭದ ಹೊಡೆತ ಎನಿಸುತ್ತದೆ.

ಇದನ್ನು ಕಣ್ಣಾರೆ ನೋಡಲು ಎರಡು ಉದ್ದದ ಹಗ್ಗ ಸಾಕು. ಒಂದೊಂದು ಪೋಸ್ಟ್‌ಗೆ ಒಂದೊಂದು ಕಟ್ಟಿ. ಎರಡರ ಇನ್ನೊಂದು ತುದಿಯನ್ನು ಚೆಂಡು ಇರುವ ಜಾಗಕ್ಕೆ ತಂದು ಗೂಟ ಹೊಡೆದು ಬಿಗಿಯಿರಿ. ಈಗ ಆ ಹಗ್ಗಗಳ ನಡುವೆ ನಿಂತು ಕೈ ಚಾಚಿ. ಗೋಲ್ ಲೈನ್ ಮೇಲೆ ನಿಂತರೆ ಎರಡೂ ಬದಿಯಲ್ಲಿ ಎಷ್ಟೋ ಜಾಗ ಖಾಲಿ. ಎರಡು ಹೆಜ್ಜೆ ಮುಂದೆ ಬನ್ನಿ, ಖಾಲಿ ಜಾಗ ಕಡಿಮೆಯಾಯಿತು. ಇನ್ನೂ ಎರಡು ಹೆಜ್ಜೆ ಬಂದರೆ ಕೈ ಹಗ್ಗಕ್ಕೆ ಹತ್ತಿರವಾಗುತ್ತದೆ. ಆದರೆ ತಿರುಗಿ ನೋಡಿ: ತಲೆಯ ಮೇಲಿಂದ ಚೆಂಡು ಎತ್ತಿ ಹಾಕಲು ಹಿಂದೆ ಜಾಗವಾಗಿದೆ. ಎಷ್ಟು ಮುಂದೆ ಬರಬೇಕು ಎನ್ನುವುದು ಈ ಎರಡರ ನಡುವಿನ ಲೆಕ್ಕ. ಗೂಟವನ್ನು ಎಡಕ್ಕೆ, ಬಲಕ್ಕೆ, ಹತ್ತಿರಕ್ಕೆ ಸರಿಸಿ ಮತ್ತೆ ಮತ್ತೆ ನಿಂತು ನೋಡಿ. ಒಂದು ಸಂಜೆ ಇದಕ್ಕೇ ಕೊಟ್ಟರೂ ನಷ್ಟವಿಲ್ಲ.

ಇನ್ನೊಂದು ವಿಷಯ, ನನ್ನ ಲೆಕ್ಕದಲ್ಲಿ ಇಡೀ ಕೀಪಿಂಗ್‌ನಲ್ಲೇ ಮುಖ್ಯವಾದದ್ದು. ಎದುರಾಳಿಯ ಕಾಲು ಚೆಂಡಿಗೆ ತಾಗುವ ಕ್ಷಣದಲ್ಲಿ ನಿಮ್ಮ ಎರಡೂ ಪಾದ ನೆಲದ ಮೇಲಿರಬೇಕು. ಮೊಣಕಾಲು ಸ್ವಲ್ಪ ಬಾಗಿರಬೇಕು, ಭಾರ ಪಾದದ ಮುಂಭಾಗದಲ್ಲಿರಬೇಕು. ಆ ಹೊತ್ತಿಗೆ ನೀವು ಇನ್ನೂ ಓಡುತ್ತಿದ್ದರೆ ಜಾಗ ಸರಿಯಿದ್ದರೂ ಪ್ರಯೋಜನವಿಲ್ಲ, ಚಲನೆ ಒಂದು ಕಡೆಗಿದ್ದಾಗ ಇನ್ನೊಂದು ಕಡೆಗೆ ಹೋಗಲಾಗದು. ಒಂದು ಹೆಜ್ಜೆ ತಪ್ಪು ಜಾಗದಲ್ಲಾದರೂ ಪರವಾಗಿಲ್ಲ, ನಿಂತಿರಿ.

ಹಿಡಿಯುವುದು ಮತ್ತು ಬೀಳುವುದು

ಎದೆ ಮತ್ತು ಅದಕ್ಕಿಂತ ಮೇಲೆ ಬರುವ ಚೆಂಡಿಗೆ ಅಂಗೈ ಚೆಂಡಿನ ಹಿಂದೆ, ಹೆಬ್ಬೆರಳುಗಳು ಹತ್ತಿರ ಹತ್ತಿರ, ಉಳಿದ ಬೆರಳು ಅಗಲ. ಮೊಣಕೈ ಸ್ವಲ್ಪ ಮಡಚಿರಲಿ, ಚೆಂಡಿನ ವೇಗವನ್ನು ಅದು ನುಂಗುತ್ತದೆ. ಹೊಟ್ಟೆಯ ಎತ್ತರದ ಚೆಂಡಿಗೆ ಕೈ ಕೆಳಗಿನಿಂದ, ಕಿರುಬೆರಳುಗಳು ಹತ್ತಿರ. ಚೆಂಡನ್ನು ಮುಂಗೈ ಮೇಲೆ ತೆಗೆದುಕೊಂಡು ಎದೆಗೆ ಒತ್ತಿಕೊಳ್ಳಿ. ನೆಲದ ಚೆಂಡಿಗೆ ಬರೀ ಕೈ ಚಾಚಬೇಡಿ, ಮೈ ಹಿಂದೆ ಇರಲಿ. ಕೈ ತಪ್ಪಿದರೂ ಕಾಲು ತಡೆಯುತ್ತದೆ.

ಡೈವ್ ಕಲಿಯುವ ಕ್ರಮ ಹೀಗಿರಲಿ. ಹುಲ್ಲು ಮೆತ್ತಗಿರುವ ಕಡೆ ಮಾಡಿ.

1. ನೆಲದ ಮೇಲೆ ಕುಳಿತು, ಪಕ್ಕಕ್ಕೆ ಉರುಳಿಸಿದ ಚೆಂಡನ್ನು ಬದಿಗೆ ಬಿದ್ದು ಹಿಡಿಯಿರಿ.
2. ಮಂಡಿಯೂರಿ ಅದನ್ನೇ ಮಾಡಿ.
3. ಕುಕ್ಕರಗಾಲಿನಿಂದ ಮಾಡಿ.
4. ನಿಂತು, ಚೆಂಡಿನ ಕಡೆಯ ಕಾಲನ್ನು ಒಂದು ಹೆಜ್ಜೆ ಓರೆಯಾಗಿ ಮುಂದಿಟ್ಟು, ಅದರಿಂದಲೇ ತಳ್ಳಿ ಬೀಳಿ.

ಮೈ ನೆಲಕ್ಕೆ ತಾಗುವಾಗ ತೊಡೆಯ ಹೊರಬದಿ, ಸೊಂಟ, ಪಕ್ಕೆ, ಭುಜ ಹೀಗೆ ಒಂದಾದ ಮೇಲೊಂದು ತಾಗಬೇಕು. ಮೊಣಕೈ ಮೇಲೆ ಬೀಳಬಾರದು, ಹೊಟ್ಟೆ ಮೇಲೂ ಬೀಳಬಾರದು. ಒಂದು ಕೈ ಚೆಂಡಿನ ಹಿಂದೆ, ಇನ್ನೊಂದು ಚೆಂಡಿನ ಮೇಲೆ, ಅಡಿಯಲ್ಲಿ ನೆಲ. ಮೂರೂ ಸೇರಿದರೆ ಚೆಂಡು ಎಲ್ಲೂ ಹೋಗದು. ಹಿಂದಕ್ಕೆ ಬೀಳುವ ಅಭ್ಯಾಸ ಆಯಿತೋ, ಕೈಗೆ ತಾಗಿದ ಚೆಂಡೂ ಗೋಲ್ ಒಳಗೇ ಹೋಗುತ್ತದೆ. ಯಾವಾಗಲೂ ಸ್ವಲ್ಪ ಮುಂದಕ್ಕೇ ಬೀಳಿ.

ಹಿಡಿಯಲಾಗದ ಚೆಂಡನ್ನು ಪಕ್ಕಕ್ಕೆ, ಪೋಸ್ಟ್‌ನಾಚೆ ತಳ್ಳಿ. ಗೋಲ್ ಎದುರಿಗೆ ಬಿಟ್ಟರೆ ಎರಡನೇ ಹೊಡೆತಕ್ಕೆ ನೀವೇ ಪಾಸ್ ಕೊಟ್ಟ ಹಾಗೆ.

ಕ್ರಾಸ್, ಕಾರ್ನರ್ ಮತ್ತು ದನಿ

ಆಯ್ಕೆಗಾರರು ಎಲ್ಲಕ್ಕಿಂತ ಜಾಸ್ತಿ ನೋಡುವುದು ಇಲ್ಲಿ. ಬದಿಯಿಂದ ಗೋಲ್ ಎದುರಿಗೆ ಚೆಂಡು ಬರುತ್ತಿದೆ, ಅದೇ ಕ್ರಾಸ್. ಹೋಗಬೇಕೇ, ನಿಲ್ಲಬೇಕೇ? ಚೆಂಡು ಹೊರಟ ಮೇಲೆ ಅದರ ವೇಗ, ಎತ್ತರ ನೋಡಿ ತೀರ್ಮಾನಿಸಿ. ಆದರೆ ತೀರ್ಮಾನಿಸಿದ ಮೇಲೆ ಅರ್ಧ ದಾರಿಯಲ್ಲಿ ನಿಲ್ಲುವ ಹಾಗಿಲ್ಲ. ಹೊರಡುತ್ತಿದ್ದಂತೆ "ಕೀಪರ್!" ಎಂದು ಗಟ್ಟಿಯಾಗಿ ಕೂಗಿ. ಹೋಗದಿದ್ದರೆ "ಹೊಡಿ!" ಎಂದಾದರೂ ಕೂಗಿ. ಸುಮ್ಮನಿರುವುದೇ ದೊಡ್ಡ ತಪ್ಪು. ಒಂದೇ ಕಾಲಿನಿಂದ ಚಿಮ್ಮಿ, ಎದುರಾಳಿಯ ಕಡೆಯ ಮೊಣಕಾಲು ಮೇಲೆತ್ತಿ, ಚೆಂಡನ್ನು ಆದಷ್ಟು ಎತ್ತರದಲ್ಲಿ ಹಿಡಿಯಿರಿ. ಗುಂಪಿನ ನಡುವೆ ಹಿಡಿಯುವ ಭರವಸೆ ಇಲ್ಲದಿದ್ದರೆ ಎರಡೂ ಮುಷ್ಟಿ ಸೇರಿಸಿ ದೂರಕ್ಕೆ ಗುದ್ದಿ.

ಎಷ್ಟೋ ಹುಡುಗಿಯರಿಗೆ ಡೈವ್ ಬರುತ್ತದೆ, ಕೂಗಲು ಬರುವುದಿಲ್ಲ. ಮೆಲ್ಲಗೆ ಮಾತಾಡು ಎಂದೇ ಕೇಳಿ ಬೆಳೆದಿರುತ್ತಾರಲ್ವಾ? ಇದನ್ನೂ ತರಬೇತಿಯಲ್ಲೇ ಕಲಿಯಬೇಕು. ಮಾತು ಚಿಕ್ಕದಿರಲಿ, ಹೆಸರಿನಿಂದ ಶುರುವಾಗಲಿ: ಹೆಸರು, ಆಮೇಲೆ "ಎಡಗಡೆ", "ಹಿಂದೆ ಬಾ", "ತಿರುಗು". ಹೆಸರಿಲ್ಲದ ಕೂಗು ಯಾರಿಗೂ ತಾಗುವುದಿಲ್ಲ.

ಕಾಲಿನ ಆಟ

1992ರಲ್ಲಿ ನಿಯಮ ಬದಲಾಯಿತು. ತನ್ನ ತಂಡದವರು ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ. 2019ರಲ್ಲಿ ಇನ್ನೊಂದು ಬದಲಾವಣೆ ಬಂತು. ಕೀಪರ್ ಒದ್ದ ಗೋಲ್ ಕಿಕ್ ಚೆಂಡನ್ನು ಸಹ ಆಟಗಾರ್ತಿ ಪೆನಾಲ್ಟಿ ಜಾಗದೊಳಗೇ ಪಡೆಯಬಹುದಾಯಿತು. ಹೀಗಾಗಿ ಈಗ ತಂಡದ ಆಟ ಕೀಪರ್‌ನ ಕಾಲಿನಿಂದಲೇ ಶುರು. 2025ರಿಂದ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡ್‌ಗಿಂತ ಜಾಸ್ತಿ ಹಿಡಿದರೆ ಎದುರಾಳಿಗೆ ಕಾರ್ನರ್ ಸಿಗುತ್ತದೆ. ಕೊನೆಯ ಐದು ಸೆಕೆಂಡನ್ನು ರೆಫರಿ ಕೈಯೆತ್ತಿ ಎಣಿಸುತ್ತಾರೆ.

ಎರಡೂ ಕಾಲಿನಿಂದ 20 ಮೀಟರ್ ಪಾಸ್ ನೇರವಾಗಿ ಹೋಗಬೇಕು. ಚೆಂಡು ಬರುವ ಮುಂಚೆಯೇ ತಲೆ ಎತ್ತಿ ಎರಡೂ ಬದಿ ನೋಡಿರಬೇಕು. ಬಲಗಾಲಿನವರು ವಾರದಲ್ಲಿ ಒಂದು ದಿನ ಎಡಗಾಲು ಮಾತ್ರ ಬಳಸಿ ಅಭ್ಯಾಸ ಮಾಡಿ. ಸಾಧ್ಯವಾದಾಗಲೆಲ್ಲ ಡಿಫೆಂಡರ್‌ಗಳ ಪಾಸಿಂಗ್ ಅಭ್ಯಾಸಕ್ಕೆ ಸೇರಿಕೊಳ್ಳಿ.

ಪೆನಾಲ್ಟಿ

ಒದೆಯುವವಳ ಎದುರಿಗೆ ಕೀಪರ್ ಒಬ್ಬಳೇ. ದೂರ 11 ಮೀಟರ್. ಬಲವಾಗಿ ಒದ್ದ ಚೆಂಡು ಅರ್ಧ ಸೆಕೆಂಡ್‌ನಲ್ಲಿ ಬಂದುಬಿಡುತ್ತದೆ. ಒದೆಯುವ ಕ್ಷಣದಲ್ಲಿ ನಿಮ್ಮ ಒಂದು ಪಾದದ ಭಾಗವಾದರೂ ಗೋಲ್ ಲೈನ್ ಮೇಲೆ, ಅದರ ನೇರದಲ್ಲಿ ಅಥವಾ ಹಿಂದೆ ಇರಬೇಕು. ಮುಂದೆ ಬಂದು ತಡೆದರೆ ಮತ್ತೆ ಒದೆಸುತ್ತಾರೆ.

ಇದು ಬರೀ ಅದೃಷ್ಟ ಎನ್ನುವವರಿಗೆ 2025ರ ಯೂರೋ (ಯುರೋಪ್ ದೇಶಗಳ ಟೂರ್ನಿ) ಫೈನಲ್ ತೋರಿಸಿ. ಇಂಗ್ಲೆಂಡ್‌ನ ಹ್ಯಾನಾ ಹ್ಯಾಂಪ್ಟನ್ ಶೂಟೌಟ್‌ನಲ್ಲಿ (ಸಮವಾದ ಪಂದ್ಯವನ್ನು ಪೆನಾಲ್ಟಿಗಳಿಂದ ತೀರ್ಮಾನಿಸುವಾಗ) ಸ್ಪೇನ್‌ನ ಮರಿಯೋನಾ ಕಾಲ್ದೆಂತೆ ಮತ್ತು ಐತಾನಾ ಬೊನ್ಮಾತಿ ಇಬ್ಬರ ಹೊಡೆತವನ್ನೂ ತಡೆದರು. ಹುಟ್ಟಿನಿಂದಲೇ ಮೆಳ್ಳಗಣ್ಣಿನ ತೊಂದರೆ ಇದ್ದ ಹುಡುಗಿ ಅವರು, ದೂರದ ಅಂದಾಜು ಸರಿಯಾಗಿ ಸಿಗುತ್ತಿರಲಿಲ್ಲ. ಫುಟ್‌ಬಾಲ್ ಆಗದು ಎಂದೂ ಹೇಳಿಸಿಕೊಂಡಿದ್ದರು. ಅಮೆರಿಕದ ಅಲಿಸಾ ನೇಹರ್ 2024ರ ಗೋಲ್ಡ್ ಕಪ್ ಸೆಮಿಫೈನಲ್ ಶೂಟೌಟ್‌ನಲ್ಲಿ ಕೆನಡಾದ ಮೂರು ಹೊಡೆತ ತಡೆದು ತಾವೂ ಒಂದು ಗೋಲ್ ಹೊಡೆದರು.

ತಯಾರಿ ಪಂದ್ಯಕ್ಕೆ ಮುಂಚೆಯೇ ಆಗಬೇಕು. ಎದುರಾಳಿ ತಂಡದಲ್ಲಿ ಪೆನಾಲ್ಟಿ ಒದೆಯುವವರ ಹಳೆಯ ವಿಡಿಯೋ ನೋಡಿ, ಯಾರು ಯಾವ ಕಡೆ ಜಾಸ್ತಿ ಒದೆಯುತ್ತಾರೆ ಎಂದು ಬರೆದುಕೊಳ್ಳಿ. ಅವಳು ಓಡಿ ಬರುವಾಗ ಊರುವ ಕಾಲಿನ ಪಾದ ಮತ್ತು ಸೊಂಟ ಯಾವ ಕಡೆ ತಿರುಗುತ್ತದೆ ನೋಡಿ. ಬೇಗ ಹಾರುವ ಆಸೆ ತಡೆದುಕೊಳ್ಳುವುದೇ ಕಷ್ಟದ ಕೆಲಸ.

ದೇಹ

ಹೆಣ್ಣುಮಕ್ಕಳ ಫುಟ್‌ಬಾಲ್‌ನಲ್ಲಿ ಎಲ್ಲರೂ ಹೆದರುವ ಗಾಯ ಎಂದರೆ ಮೊಣಕಾಲಿನ ಎಸಿಎಲ್ (ಮೂಳೆಗಳನ್ನು ಹಿಡಿದಿಡುವ ಒಂದು ಅಸ್ಥಿರಜ್ಜು) ಹರಿಯುವುದು. ಗಂಡಸರಿಗಿಂತ ಇವರಲ್ಲಿ ಇದು ಹಲವು ಪಟ್ಟು ಜಾಸ್ತಿ. ವಾಪಸ್ ಬರಲು ಸಾಮಾನ್ಯವಾಗಿ ಒಂಬತ್ತು ತಿಂಗಳಿನಿಂದ ಒಂದು ವರ್ಷ ಬೇಕು. ಕೀಪರ್‌ಗೆ ಅಪಾಯ ಇರುವುದು ಮುಖ್ಯವಾಗಿ ಕ್ರಾಸ್ ಹಿಡಿದು ಒಂದು ಕಾಲಿನ ಮೇಲೆ ಇಳಿಯುವಾಗ. ಮೊಣಕಾಲು ಒಳಗೆ ಬಾಗದಂತೆ, ಪಾದದ ನೇರದಲ್ಲೇ ಇರುವಂತೆ ಇಳಿಯುವುದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಿ. ಫಿಫಾ 11+ ಎಂಬ ವಾರ್ಮ್ ಅಪ್ ಕ್ರಮ ಇದೆ. ಹದಿನೈದು ವ್ಯಾಯಾಮ, ಇಪ್ಪತ್ತು ನಿಮಿಷ, ಚೆಂಡು ಬಿಟ್ಟು ಬೇರೆ ಸಲಕರಣೆ ಬೇಕಿಲ್ಲ. ತಪ್ಪದೆ ಮಾಡುವ ತಂಡಗಳಲ್ಲಿ ಗಾಯ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ.

ತಲೆಗೆ ಪೆಟ್ಟು ಬಿದ್ದರೆ ಆಟ ಅಲ್ಲಿಗೆ ನಿಲ್ಲಿಸಿ. ಇದರಲ್ಲಿ ರಾಜಿ ಬೇಡ. 1999ರ ವಿಶ್ವಕಪ್ ಫೈನಲ್ ಶೂಟೌಟ್‌ನಲ್ಲಿ ಚೀನಾದ ಹೊಡೆತ ತಡೆದ ಅಮೆರಿಕದ ಬ್ರಿಯಾನಾ ಸ್ಕರಿ ಅವರ ವೃತ್ತಿ ಮುಗಿದದ್ದು 2010ರಲ್ಲಿ, ಎದುರಾಳಿಯ ಮೊಣಕಾಲು ತಲೆಗೆ ಬಡಿದು. ತಲೆನೋವು, ಖಿನ್ನತೆ ವರ್ಷಗಟ್ಟಲೆ ಕಾಡಿತು.

ಊಟ ಕಡಿಮೆ ಮಾಡಿ ತೂಕ ಇಳಿಸುವ ಗೀಳಿಗೆ ಬೀಳಬೇಡಿ. ಶ್ರಮಕ್ಕೆ ತಕ್ಕ ಊಟ ಇಲ್ಲದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಕೆಲವು ತಿಂಗಳು ಮುಟ್ಟಾಗದಿದ್ದರೆ "ಆಟಗಾರ್ತಿಯರಿಗೆ ಇದು ಮಾಮೂಲಿ" ಎನ್ನುವ ಮಾತು ನಂಬಬೇಡಿ, ವೈದ್ಯರ ಬಳಿ ಹೋಗಿ.

ಗೋಲ್ ಬಿದ್ದ ಮೇಲೆ

ಸ್ಟ್ರೈಕರ್ ಐದು ಸಲ ತಪ್ಪಿಸಿ ಆರನೆಯದು ಹೊಡೆದರೆ ಹೀರೋ. ನೀವು ಐದು ತಡೆದು ಆರನೆಯದು ಬಿಟ್ಟರೆ ಎಲ್ಲರೂ ಅದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಇದು ಬದಲಾಗದು. ಆದ್ದರಿಂದ ಗೋಲ್ ಬಿದ್ದ ತಕ್ಷಣ ಮಾಡುವ ಕೆಲಸ ಮೊದಲೇ ನಿಗದಿಯಾಗಿರಲಿ: ಗ್ಲೌಸ್ ಪಟ್ಟಿ ಬಿಚ್ಚಿ ಮತ್ತೆ ಬಿಗಿಯುವುದು, ಒಂದು ಗುಟುಕು ನೀರು, ಹತ್ತಿರದ ಡಿಫೆಂಡರ್‌ಗೆ ಒಂದು ಮಾತು. ತಪ್ಪು ಯಾರದ್ದು ಎಂಬ ಚರ್ಚೆ ಮರುದಿನ ಕೋಚ್ ಜೊತೆ ವಿಡಿಯೋ ಮುಂದೆ ಆಗಲಿ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಒದೆಯುವ ಎರಡು ಸೆಕೆಂಡ್ ಮುಂಚೆ ನಾನು ಎಲ್ಲಿದ್ದೆ?

ಕ್ಲಬ್ ಹುಡುಕುವುದು

ಅಕಾಡೆಮಿ, ಸ್ಥಳೀಯ ಲೀಗ್, ವಯೋಮಿತಿಯ ರಾಷ್ಟ್ರೀಯ ತಂಡ, ವಿಶ್ವವಿದ್ಯಾಲಯ, ಯಾವ ದಾರಿಯಲ್ಲಾದರೂ ಮೇಲೆ ಬರಬಹುದು. ಚಿಲಿಯ ಕ್ರಿಸ್ಟಿಯಾನೆ ಎಂಡ್ಲರ್ ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಆಡಿ, ಮುಂದೆ ಪ್ಯಾರಿಸ್, ಲಿಯಾನ್ ಕ್ಲಬ್‌ಗಳಿಗೆ ಹೋದರು. 2021ರಲ್ಲಿ ಫಿಫಾದ ಶ್ರೇಷ್ಠ ಕೀಪರ್ ಆದರು.

ಕ್ಲಬ್‌ಗೆ ಕಳಿಸುವ ವಿಡಿಯೋ ನಾಲ್ಕೈದು ನಿಮಿಷ ಸಾಕು. ಹಿನ್ನೆಲೆ ಸಂಗೀತ ಬೇಡ. ಬರೀ ಡೈವ್ ತುಂಬಬೇಡಿ. ಕ್ರಾಸ್, ಒಬ್ಬಳೇ ಎದುರು ಬಂದ ಸ್ಟ್ರೈಕರ್, ಕಾಲಿನ ಪಾಸ್, ಎಸೆತ ಎಲ್ಲ ಇರಲಿ. ಪ್ರತಿ ತುಣುಕೂ ಹೊಡೆತಕ್ಕೆ ಕೆಲವು ಸೆಕೆಂಡ್ ಮುಂಚೆ ಶುರುವಾಗಲಿ, ನೀವು ಹೇಗೆ ಜಾಗ ಹಿಡಿದಿರಿ ಎಂದು ಕಾಣಬೇಕು. ಜೊತೆಗೆ ಒಂದು ಪೂರ್ತಿ ಪಂದ್ಯವನ್ನೂ ಕಳಿಸಿ.

ಟ್ರಯಲ್‌ಗೆ ಹೋದಾಗ ಶುರುವಾಗುವ ಮುಂಚೆ ನಿಮ್ಮ ಮುಂದೆ ಆಡುವ ನಾಲ್ವರು ಡಿಫೆಂಡರ್‌ಗಳ ಹೆಸರು ಕೇಳಿ ನೆನಪಿಟ್ಟುಕೊಳ್ಳಿ. ಮೊದಲ ನಿಮಿಷದಿಂದಲೇ ಹೆಸರು ಹಿಡಿದು ಕೂಗುವ ಕೀಪರ್ ಎಲ್ಲರ ಕಣ್ಣಿಗೆ ಬೀಳುತ್ತಾಳೆ.

ಈಗ ಮೊದಲು ಹೇಳಿದ ಲೆಕ್ಕಕ್ಕೆ ಬರೋಣ. ಸಹಿ ಹಾಕುವ ಮುಂಚೆ ಕೇಳಿ: ಕ್ಲಬ್‌ನಲ್ಲಿ ಎಷ್ಟು ಕೀಪರ್‌ಗಳಿದ್ದಾರೆ? ಮೊದಲ ಕೀಪರ್ ಒಪ್ಪಂದ ಯಾವಾಗ ಮುಗಿಯುತ್ತದೆ? ಕಪ್ ಪಂದ್ಯಗಳನ್ನು ಯಾರು ಆಡುತ್ತಾರೆ? ಪೂರ್ಣಾವಧಿ ಕೀಪರ್ ಕೋಚ್ ಇದ್ದಾರೆಯೇ? ಆಡಲು ಸಿಗದಿದ್ದರೆ ಬೇರೆ ಕ್ಲಬ್‌ಗೆ ಲೋನ್ ಮೇಲೆ (ತಾತ್ಕಾಲಿಕವಾಗಿ) ಕಳಿಸುತ್ತೀರಾ? ಇಪ್ಪತ್ತೆರಡರ ಒಳಗಿನವರಿಗೆ ನನ್ನ ಸಲಹೆ ಸ್ಪಷ್ಟ. ದೊಡ್ಡ ಕ್ಲಬ್‌ನ ಮೂರನೇ ಕೀಪರ್ ಆಗುವುದಕ್ಕಿಂತ ಚಿಕ್ಕ ಕ್ಲಬ್‌ನಲ್ಲಿ ವಾರವಾರ ಆಡುವುದು ಮೇಲು. ಕ್ರಾಸ್‌ಗೆ ಹೋಗಬೇಕೇ ಬೇಡವೇ ಎಂಬ ತೀರ್ಮಾನ ಪಂದ್ಯದಲ್ಲಿ ಮಾತ್ರ ಬಲಿಯುತ್ತದೆ.

ಒಪ್ಪಂದ ಮತ್ತು ಹಣ

ಫಿಫಾ ನಿಯಮದಂತೆ ಒಪ್ಪಂದ ಸಾಮಾನ್ಯವಾಗಿ ಐದು ವರ್ಷಕ್ಕಿಂತ ಜಾಸ್ತಿ ಇರಬಾರದು. ಹದಿನೆಂಟು ತುಂಬದವರಿಗೆ ಮೂರು ವರ್ಷ. ಕೆಲವು ವಿನಾಯಿತಿ ಬಿಟ್ಟರೆ ಹದಿನೆಂಟಕ್ಕೆ ಮುಂಚೆ ಬೇರೆ ದೇಶದ ಕ್ಲಬ್‌ಗೆ ವರ್ಗವಾಗುವಂತಿಲ್ಲ. ಆ ವಯಸ್ಸಿನ ಹುಡುಗಿಗೆ ಯಾರಾದರೂ ವಿದೇಶಿ ಕ್ಲಬ್ ಆಸೆ ತೋರಿಸಿ ಮುಂಗಡ ಹಣ ಕೇಳಿದರೆ ದೂರವಿರಿ. ಏಜೆಂಟ್‌ಗೆ ಫಿಫಾ ಲೈಸೆನ್ಸ್ ಇದೆಯೇ ಎಂದು ನೀವೇ ನೋಡಿ.

ಸಂಬಳದ ಅಂಕಿ ಒಂದನ್ನೇ ನೋಡಬೇಡಿ. ಗಾಯವಾಗಿ ಆಡದ ತಿಂಗಳುಗಳಲ್ಲಿ ಸಂಬಳ ಬರುತ್ತದೆಯೇ? ಶಸ್ತ್ರಚಿಕಿತ್ಸೆ, ಫಿಸಿಯೋ ಖರ್ಚು ಯಾರದು? ಮನೆ ಬಾಡಿಗೆ? ಕ್ಲೀನ್ ಶೀಟ್‌ಗೆ (ಒಂದೂ ಗೋಲ್ ಬಿಡದ ಪಂದ್ಯಕ್ಕೆ) ಬೋನಸ್ ಇದೆಯೇ? ಗರ್ಭಿಣಿಯಾದರೆ ಕನಿಷ್ಠ 14 ವಾರ ರಜೆ, ಅದರಲ್ಲಿ 8 ವಾರ ಹೆರಿಗೆಯ ನಂತರ, ಸಂಬಳದ ಮೂರನೇ ಎರಡು ಭಾಗ. 2021ರಿಂದ ಇದು ಫಿಫಾ ನಿಯಮ, ಕ್ಲಬ್ ಕೊಡುವ ಉಪಕಾರವಲ್ಲ.

ದೊಡ್ಡ ಲೀಗ್‌ಗಳ ಆಚೆ ಸಂಬಳ ಇನ್ನೂ ಕಡಿಮೆಯೇ. ಓದು ಬಿಡಬೇಡಿ. ಇಂಗ್ಲೆಂಡ್ ಕೀಪರ್ ಆಗಿದ್ದ ಮೇರಿ ಅರ್ಪ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಾ, ಸಣ್ಣಪುಟ್ಟ ಕೆಲಸ ಮಾಡುತ್ತಾ ಆಡಿದವರು.

ಬೆಂಚ್ ಮೇಲಿನ ವರ್ಷಗಳು

ಅರ್ಪ್ಸ್ ಕಥೆ ಇಲ್ಲೂ ಬೇಕು. ಇಂಗ್ಲೆಂಡ್ ತಂಡದಿಂದ ಸುಮಾರು ಎರಡು ವರ್ಷ ಹೊರಗಿದ್ದು, ಆಟವನ್ನೇ ಬಿಡುವ ಯೋಚನೆಯಲ್ಲಿದ್ದರು. 2021ರಲ್ಲಿ ಹೊಸ ಕೋಚ್ ಸರೀನಾ ವೀಗ್‌ಮನ್ ಕರೆದರು. 2022ರಲ್ಲಿ ಯೂರೋ ಗೆದ್ದರು. 2023ರ ವಿಶ್ವಕಪ್ ಫೈನಲ್‌ನಲ್ಲಿ ಪೆನಾಲ್ಟಿ ತಡೆದು ಶ್ರೇಷ್ಠ ಕೀಪರ್ ಪ್ರಶಸ್ತಿ ಪಡೆದರು. ಅದೇ ವಿಶ್ವಕಪ್‌ಗೆ ಅವರ ಕೀಪರ್ ಜೆರ್ಸಿಯನ್ನು ಅಭಿಮಾನಿಗಳಿಗೆ ಮಾರಾಟಕ್ಕೇ ಇಟ್ಟಿರಲಿಲ್ಲ. ಅವರು ಬಾಯಿಬಿಟ್ಟು ಕೇಳಿದರು, ಜನ ದನಿಗೂಡಿಸಿದರು, ಆಮೇಲೆ ಜೆರ್ಸಿ ಬಂತು.

ಜರ್ಮನಿಯ ನಾಡೀನ್ ಆಂಗರರ್ ರಾಷ್ಟ್ರೀಯ ತಂಡಕ್ಕೆ ಮೊದಲು ಆಡಿದ್ದು 1996ರಲ್ಲಿ. ವಿಶ್ವಕಪ್‌ನಲ್ಲಿ ಮೊದಲ ಕೀಪರ್ ಆಗಿ ಆಡಲು 2007ರವರೆಗೆ ಕಾದರು. ಆ ಟೂರ್ನಿಯ ಆರೂ ಪಂದ್ಯಗಳಲ್ಲಿ, 540 ನಿಮಿಷ, ಒಂದೂ ಗೋಲ್ ಬಿಡಲಿಲ್ಲ. ಫೈನಲ್‌ನಲ್ಲಿ ಬ್ರೆಜಿಲ್‌ನ ಮಾರ್ತಾ ಒದ್ದ ಪೆನಾಲ್ಟಿಯನ್ನೂ ತಡೆದರು. 2013ರಲ್ಲಿ ಫಿಫಾ ವರ್ಷದ ಆಟಗಾರ್ತಿ ಪ್ರಶಸ್ತಿ ಗೆದ್ದ ಮೊದಲ ಕೀಪರ್ ಆದರು.

ಬೆಂಚ್ ಮೇಲಿರುವವರು ಮಾಡಬಹುದಾದದ್ದು ಬಹಳವಿದೆ. ಪಂದ್ಯದ ಮರುದಿನ ಆಡದವರಿಗಾಗಿ ನಡೆಯುವ ಅಭ್ಯಾಸವನ್ನು ನಿಮ್ಮ ಪಂದ್ಯ ಎಂದುಕೊಳ್ಳಿ. ಎದುರಾಳಿಯ ಕಾರ್ನರ್‌ಗಳನ್ನು ಬೆಂಚ್‌ನಿಂದಲೇ ಓದಿ, ವಿರಾಮದಲ್ಲಿ ಮೊದಲ ಕೀಪರ್‌ಗೆ ಕಂಡದ್ದನ್ನು ಹೇಳಿ. ಅವಳ ಜೊತೆ ಮುನಿಸು ಬೇಡ. ದಿನಾ ನಿಮಗೆ ಚೆಂಡು ಹೊಡೆಯುವವಳು ಅವಳೇ, ನೀವು ಸುಧಾರಿಸುವುದು ಅವಳಿಂದಲೇ. ಎರಡು ಸೀಸನ್ ಕಳೆದರೂ ಕೋಚ್ ಬಳಿ ನಿಮಗೆ ಯಾವ ಯೋಜನೆಯೂ ಇಲ್ಲದಿದ್ದರೆ ಹೊರಡುವ ಹೊತ್ತಾಯಿತು.

ಆಡುವಾಗಲೇ ಮುಂದಿನದು

ಮೂವತ್ತೈದರ ನಂತರವೂ ಆಡುವ ಕೀಪರ್‌ಗಳಿದ್ದಾರೆ. ಆದರೆ ಮುಂದಿನ ಕೆಲಸದ ತಯಾರಿ ಮೂವತ್ತರ ಒಳಗೇ ಶುರುವಾಗಲಿ. ಆಂಗರರ್ ನಿವೃತ್ತಿಯಾದ ಮೇಲೆ ಅಮೆರಿಕದ ಪೋರ್ಟ್‌ಲ್ಯಾಂಡ್ ಥಾರ್ನ್ಸ್ ಕ್ಲಬ್‌ನಲ್ಲಿ ಕೀಪರ್ ಕೋಚ್ ಆದರು. ಯುರೋಪ್‌ನ ಫುಟ್‌ಬಾಲ್ ಸಂಸ್ಥೆ ಕೀಪರ್ ಕೋಚ್‌ಗಳಿಗೇ ಪ್ರತ್ಯೇಕ ಲೈಸೆನ್ಸ್ ಕೊಡುತ್ತದೆ. ಮಹಿಳೆಯರ ತಂಡಗಳಲ್ಲೂ ಈ ಕೆಲಸ ಮಾಡುತ್ತಿರುವವರಲ್ಲಿ ಗಂಡಸರೇ ಜಾಸ್ತಿ, ಹೆಣ್ಣುಮಕ್ಕಳ ದೇಹ, ಗಾಯ, ಮುಜುಗರ ಎಲ್ಲ ಅನುಭವಿಸಿ ಬಲ್ಲವರು ಬೇಕಾಗಿದ್ದಾರೆ. ನಿಮ್ಮ ಕ್ಲಬ್‌ನ ಕಿರಿಯರ ತಂಡದ ಕೀಪರ್‌ಗಳಿಗೆ ವಾರಕ್ಕೊಂದು ಸಂಜೆ ಕಲಿಸುವುದಾಗಿ ನೀವೇ ಕೇಳಿ. ಏನು ಕಲಿಸಿದಿರಿ, ಯಾವುದು ಅವರಿಗೆ ಅರ್ಥವಾಗಲಿಲ್ಲ ಎಂದು ಅವತ್ತೇ ಬರೆದಿಡಿ. ಕೋಚಿಂಗ್ ಕೋರ್ಸ್‌ಗೆ ಕುಳಿತಾಗ ಆ ಟಿಪ್ಪಣಿಗಳೇ ಕೈಗೆ ಬರುತ್ತವೆ.